ಗೋಡೆಯೊಳಗಿನ ತಂತಿ: ನಾಲ್ಕು ದಶಕಗಳ ಲೆಕ್ಕ

ಬೆಂಗಳೂರಿನಲ್ಲಿ ಹೊಸ ಕಚೇರಿ ಕಟ್ಟಡಗಳು ಏಳುತ್ತಲೇ ಇವೆ. ನೆಲಹಾಸು, ಗಾಜು, ಲಿಫ್ಟುಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುವವರೂ ಗೋಡೆಯೊಳಗೆ ಹೋಗುವ ನೆಟ್‌ವರ್ಕ್ ಕೇಬಲನ್ನು ಕಡಿಮೆ ದರ ಹೇಳಿದ ಗುತ್ತಿಗೆದಾರರಿಗೆ ಬಿಟ್ಟು ಸುಮ್ಮನಾಗುತ್ತಾರೆ. ಹಿಂದಿನದನ್ನು ನೆನೆದವರು ಹಾಗೆ ಮಾಡಲಾರರು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಈ ಊರಿಗೆ ಬಂದಾಗ ಕಚೇರಿಯ ಕಂಪ್ಯೂಟರುಗಳನ್ನು ಬೆಸೆಯುವ ಈಥರ್‌ನೆಟ್ ಎಂದರೆ ದಪ್ಪ ಕೋಆಕ್ಸಿಯಲ್ ಕೇಬಲ್. ಆಮೇಲೆ ತೆಳುವಾದದ್ದು ಬಂತು. ಮೇಜಿನಿಂದ ಮೇಜಿಗೆ ಸಾಗುವ ಒಂದೇ ಎಳೆ, ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್. ಯಾರದೋ ಕಾಲು ತಾಗಿ ಒಂದು ಕನೆಕ್ಟರ್ ಕಳಚಿದರೆ ಇಡೀ ಸಾಲು ಸ್ತಬ್ಧವಾಗುತ್ತಿದ್ದುದು, ದೋಷ ಹುಡುಕಲು ಮೇಜುಗಳ ಕೆಳಗೆ ತೆವಳುತ್ತಿದ್ದುದು ಆ ಕಾಲದವರಿಗೆ ಮರೆತಿರಲಿಕ್ಕಿಲ್ಲ. 1990ರಲ್ಲಿ ತಿರುಚಿದ ಜೋಡಿ ತಂತಿಯ ಮಾನಕ ಬಂದು, ಪ್ರತಿ ಮೇಜಿಗೂ ತನ್ನದೇ ಕೇಬಲ್ ಸಿಕ್ಕಿತು. ಖರ್ಚು ಏರಿತು ನಿಜ, ಆದರೆ ಒಬ್ಬರ ತೊಂದರೆ ಒಬ್ಬರಲ್ಲೇ ನಿಂತಿತು. 1995ರಲ್ಲಿ ವೇಗ 100 ಮೆಗಾಬಿಟ್ ಆಯಿತು, 1999ರಲ್ಲಿ 1000. ಒಳ್ಳೆಯ ಕ್ಯಾಟ್-5 ದರ್ಜೆಯ ಕೇಬಲನ್ನು ಅಚ್ಚುಕಟ್ಟಾಗಿ ಎಳೆಸಿದ್ದವರು ಗೋಡೆ ಒಡೆಯದೆಯೇ ಗಿಗಾಬಿಟ್ ಮುಟ್ಟಿದರು.

ಭರವಸೆಗಳಿಗೂ ಕೊರತೆ ಇರಲಿಲ್ಲ. ಪ್ರತಿ ಮೇಜಿಗೂ ಫೈಬರ್ ಬರುತ್ತದೆ ಎಂದರು. ಹೆಚ್ಚಿನ ಕಚೇರಿಗಳಲ್ಲಿ ಅದು ಮಹಡಿಯಿಂದ ಮಹಡಿಗೆ ಏರುವುದರಲ್ಲೇ ನಿಂತಿತು. ವೈಫೈ ಬಂದ ಮೇಲೆ ಕೇಬಲ್ಲೇ ಬೇಡ ಎಂದರು. ಆದರೆ ಚಾವಣಿಯ ವೈಫೈ ಪೆಟ್ಟಿಗೆಗೆ ದತ್ತಾಂಶವೂ ವಿದ್ಯುತ್ತೂ ಬರುವುದು ಅದೇ ಕೇಬಲ್ಲಿನಲ್ಲಿ. 2003ರ ಮಾನಕದಲ್ಲಿ 15.4 ವ್ಯಾಟ್ ಇದ್ದ ಆ ವಿದ್ಯುತ್ತು 2018ರ ಮಾನಕದಲ್ಲಿ 90 ವ್ಯಾಟ್‌ಗೆ ಏರಿದೆ. ಇಷ್ಟು ಗಳಿಸುವಾಗ ಕಳೆದುಕೊಂಡದ್ದು ನಂಬಿಕೆ. ತಾಮ್ರ ತುಟ್ಟಿಯಾದಂತೆ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ತಂತಿ ಅಗ್ಗದ ಮಾಲಾಗಿ ಮಾರುಕಟ್ಟೆಗೆ ನುಗ್ಗಿತು. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬಗ್ಗಿಸಿದರೆ ಬೇಗ ಮುರಿಯುತ್ತದೆ, ವಿದ್ಯುತ್ತು ಹರಿಸಿದರೆ ಹೆಚ್ಚು ಬಿಸಿಯಾಗುತ್ತದೆ.

ಇಷ್ಟನ್ನೂ ತೂಗಿ ನೋಡಿದರೆ ಇಂದಿನ ಆಯ್ಕೆ ಕಷ್ಟದ್ದಲ್ಲ. ಕ್ಯಾಟ್-6 ಕೇಬಲ್ 10 ಗಿಗಾಬಿಟ್ ವೇಗವನ್ನು ಹೆಚ್ಚೆಂದರೆ 55 ಮೀಟರ್‌ವರೆಗೆ ತಾಳುತ್ತದೆ, ಕ್ಯಾಟ್-6ಎ ಪೂರ್ತಿ 100 ಮೀಟರ್. ಅದು ದಪ್ಪ, ಆದ್ದರಿಂದ ಪೈಪೂ ಅಗಲವಿರಬೇಕು. ಗೋಡೆಯೊಳಗಿನ ಎಳೆ 90 ಮೀಟರ್ ದಾಟಬಾರದು. ಅದಕ್ಕೇ ದೊಡ್ಡ ಕಟ್ಟಡದಲ್ಲಿ ಪ್ರತಿ ಮಹಡಿಗೂ ಒಂದು ರ‍್ಯಾಕ್ ಕೋಣೆ ಬೇಕು. ಅಲ್ಲಿನ ನೆಟ್‌ವರ್ಕ್ ಸ್ವಿಚ್ಚನ್ನು ಯಾವಾಗ ಬೇಕಾದರೂ ಬದಲಿಸಬಹುದು, ಗೋಡೆಯೊಳಗಿನದನ್ನು ಬದಲಿಸಲು ಕಚೇರಿಯನ್ನೇ ಖಾಲಿ ಮಾಡಿಸಬೇಕಾದೀತು. ಹೊಸ ಕಟ್ಟಡ ಕಟ್ಟಿಸುವವರಲ್ಲಿ ನಮ್ಮ ಮನವಿ ಇಷ್ಟೆ: ಶುದ್ಧ ತಾಮ್ರದ ಕೇಬಲನ್ನೇ ಕೇಳಿ, ಮಹಡಿಗಳ ನಡುವೆ ಫೈಬರ್ ಎಳೆಸಿ, ನಾಳೆಗೆಂದು ಒಂದಷ್ಟು ಖಾಲಿ ಪೈಪು ಬಿಡಿಸಿ, ಪ್ರತಿ ಎಳೆಯ ಪರೀಕ್ಷಾ ವರದಿ ಕೈಗೆ ಬರುವವರೆಗೆ ಬಿಲ್ಲಿಗೆ ಸಹಿ ಹಾಕಬೇಡಿ.