ಪರಿಷ್ಕರಣವೂ ಪರೀಕ್ಷೆಯೂ

2024ನೆಯ ಇಸವಿ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪೆನಿಯವರ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ಕೆಟ್ಟು ನಿಂತುದನ್ನೂ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಜನರು ಪರದಾಡಿದುದನ್ನೂ ವಾಚಕರು ಮರೆತಿರಲಾರರು. ಕಡತವನ್ನು ತಪಾಸಣೆ ಮಾಡತಕ್ಕ ಸಾಧನದಲ್ಲಿಯೇ ದೋಷವಿದ್ದಿತೆಂದು ಕಂಪೆನಿಯವರೇ ಒಪ್ಪಿಕೊಂಡರು. ಮೊದಲು ಕೆಲವು ಯಂತ್ರಗಳಿಗೆ ಮಾತ್ರ ಕಳುಹಿಸಿ ನೋಡೋಣವೆಂಬ ಎಚ್ಚರವೂ ಇರಲಿಲ್ಲ. ನಮ್ಮ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದವರು ಹೊಸ ತಳಿಯನ್ನು ಮಡಿಗಳಲ್ಲಿ ಬೆಳೆದು ನೋಡದೆ ರೈತನ ಹೊಲಕ್ಕೆ ಬಿಡುವರೇ?

ಹಾಗೆಂದು ಅಪ್‌ಡೇಟನ್ನೇ ನಿಲ್ಲಿಸಿ ಕುಳಿತುಕೊಳ್ಳುವ ಜಾಣರನ್ನು ನಾವು ಒಪ್ಪಲಾರೆವು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಹೊಕ್ಕಿದ್ದು ಬಹುಮಟ್ಟಿಗೆ, ಮಾರ್ಚಿಯಲ್ಲಿಯೇ ಬಂದಿದ್ದ ಪರಿಷ್ಕರಣವನ್ನು ಹಾಕಿಕೊಳ್ಳದ ಯಂತ್ರಗಳನ್ನೇ.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸರ್ಕಾರಿ ಕಚೇರಿಗಳಲ್ಲಿ ತಲಾ ಒಂದು ಯಂತ್ರವನ್ನು ಈ ಕಾರ್ಯಕ್ಕೆಂದೇ ಪ್ರತ್ಯೇಕಿಸತಕ್ಕದ್ದು. ಅಪ್‌ಡೇಟನ್ನು ಮೊದಲು ಅದಕ್ಕೆ ಹಾಕಿ, ‘ನುಡಿ’ಯಲ್ಲಿ ಬರೆದ ಹಳೆಯ ಪತ್ರವು ತೆರೆಯುವುದೇ, ಪ್ರಿಂಟರಿನಿಂದ ಪಹಣಿಯು ಸರಿಯಾಗಿ ಬರುವುದೇ, ಅಧಿಕಾರಿಗಳ ಡಿಜಿಟಲ್ ಸಹಿ ಬೀಳುವುದೇ ಎಂದು ಎರಡು ಮೂರು ದಿನ ನೋಡಿ, ಅನಂತರ ಉಳಿದವುಗಳಿಗೆ ಹಾಕಲಿ. ಕೂಲಿ ಬಿಟ್ಟು ಬೆಳಗಿನ ಬಸ್ಸಿಗೆ ಬಂದವನಿಗೆ “ಸಿಸ್ಟಂ ಕೆಟ್ಟಿದೆ, ನಾಳೆ ಬಾ” ಎಂದು ಹೇಳಬೇಕಾದ ಗುಮಾಸ್ತರ ಸಂಕಟವೂ ಇದರಿಂದ ತಪ್ಪೀತು.