ಮನೆಯ ಯೋಗವೂ ಕ್ಷೇಮವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಕಟ್ಟಿದ ಮನೆಯನ್ನು ಕಾಪಾಡಿ ನೋಡೆಂಬ ಗಾದೆಯನ್ನು ನಾವು ಇದುವರೆಗೆ ಕೇಳಲಿಲ್ಲ. ಸಂಸ್ಕೃತದಲ್ಲಿ ಯೋಗಕ್ಷೇಮವೆಂಬ ಜೋಡುಮಾತುಂಟು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಪಾಲಿಸುವುದು ಕ್ಷೇಮ. ಕಾಗದ ಬರೆಯುವಾಗ ಈ ಮಾತನ್ನು ಎಲ್ಲರೂ ಬಳಸುವೆವು. ಮನೆಯ ವಿಷಯದಲ್ಲಿ ಮಾತ್ರ ಯೋಗಕ್ಕಾಗಿ ಪಡುವ ಪ್ರಯಾಸದ ಹತ್ತರಲ್ಲೊಂದು ಪಾಲನ್ನೂ ಕ್ಷೇಮಕ್ಕಾಗಿ ಪಡೆವು.

ಕಳೆದ ಮಳೆಗಾಲದಲ್ಲಿ ಇದು ನಮಗೆ ಚೆನ್ನಾಗಿ ಮನದಟ್ಟಾಯಿತು. ನಮ್ಮ ಬಚ್ಚಲುಮನೆಯ ಪಕ್ಕದ ಗೋಡೆಯಲ್ಲಿ ತೇವ ಕಾಣಿಸಿಕೊಂಡಿತು. ಒಳಗಿನ ಕೊಳವೆಯು ಯಾವ ಮಾರ್ಗವಾಗಿ ಹೋಗಿರುವುದೆಂದು ಬಲ್ಲವನು ಮನೆ ಕಟ್ಟಿದ ಮೇಸ್ತ್ರಿಯೊಬ್ಬನೇ. ಅವನು ತೀರಿಕೊಂಡು ನಾಲ್ಕು ವರುಷಗಳಾಗಿದ್ದುವು. ನಲ್ಲಿ ಕೆಲಸದವನು ಮೂರು ಕಡೆ ಗೋಡೆಯನ್ನೊಡೆದು, ನಾಲ್ಕನೆಯ ಕಡೆಯಲ್ಲಿ ಸೋರಿಕೆಯನ್ನು ಕಂಡುಹಿಡಿದನು. “ಮೂವತ್ತೈದು ವರುಷ ಮಕ್ಕಳಿಗೆ ಬರೆದಿಟ್ಟುಕೊಳ್ಳಿ, ಬರೆದಿಟ್ಟುಕೊಳ್ಳಿ ಎಂದು ಹೇಳಿದಿರಲ್ಲ, ಇದನ್ನೊಂದು ನೀವು ಬರೆದಿಡಬಾರದಾಗಿತ್ತೆ?” ಎಂದು ನಮ್ಮ ಮನೆಯವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಒಂದು ಗೋಡೆಯ ಪಾಡು ಹೀಗಾದರೆ ಆಸ್ಪತ್ರೆ, ವಿಮಾನ ನಿಲ್ದಾಣ, ನಾಟಕಶಾಲೆಗಳ ಪಾಡೇನು? ಇದಕ್ಕಾಗಿಯೇ ಈಗ ದೊಡ್ಡ ಕಟ್ಟಡಗಳವರು ‘ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್’ ಎಂಬ ವಿಧಾನವನ್ನು ಆಶ್ರಯಿಸುತ್ತಿರುವರು. ಕಟ್ಟಡದ ಮಾಹಿತಿಯೆಲ್ಲವನ್ನೂ ತುಂಬಿ ಕಂಪ್ಯೂಟರಿನಲ್ಲಿ ರಚಿಸಿದ ಪ್ರತಿರೂಪವೆಂದು ಇದನ್ನು ತಿಳಿಯಬಹುದು. ಇದು ಬರಿಯ ನಕ್ಷೆಯಲ್ಲ. ನಕ್ಷೆಯಲ್ಲಿ ನೀರಿನ ಪಂಪು ಒಂದು ಗುರುತು ಮಾತ್ರ. ಪ್ರತಿರೂಪದಲ್ಲಾದರೋ ಆ ಪಂಪು ಯಾರ ತಯಾರಿಕೆ, ಎಂದು ಕೂಡಿಸಿದ್ದು, ಖಾತರಿಯ ಅವಧಿ ಎಂದಿಗೆ ಮುಗಿಯುವುದು, ಯಾವ ಕೊಠಡಿಗಳಿಗೆ ನೀರೊದಗಿಸುವುದು, ಕೆಟ್ಟರೆ ಯಾವ ವಾಲ್ವನ್ನು ಮುಚ್ಚಬೇಕು ಎಂಬಿವೆಲ್ಲವೂ ಅದರೊಡನೆಯೇ ಇರುವುವು. ಗೋಡೆಯನ್ನು ಒಡೆಯದೆಯೇ ಅದರ ಒಳಗನ್ನು ನೋಡಬಹುದು.

ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿರುವ ಆಪೆರಾ ಹೌಸಿನ ಕಥೆಯು ಇಲ್ಲಿ ಮನನೀಯವಾಗಿದೆ. ಡೆನ್ಮಾರ್ಕಿನ ಶಿಲ್ಪಿ ಯೋರ್ನ್ ಉಟ್ಸೊನ್ ಎಂಬವರು 1957ರಲ್ಲಿ ಸ್ಪರ್ಧೆಯಲ್ಲಿ ಗೆದ್ದು ಅದರ ರೂಪವನ್ನು ಕಲ್ಪಿಸಿದರು. 1959ರಲ್ಲಿ ಕೆಲಸವು ಆರಂಭವಾಯಿತು. ಸರ್ಕಾರದೊಡನೆ ಮನಸ್ತಾಪವುಂಟಾಗಿ ಅವರು 1966ರಲ್ಲಿ ಕೆಲಸವನ್ನು ಬಿಟ್ಟು ಹೊರಟುಹೋದರು. 1973ರಲ್ಲಿ ಮಂದಿರದ ಪ್ರಾರಂಭೋತ್ಸವವಾಯಿತಾದರೂ ಅವರು 2008ರಲ್ಲಿ ಗತಿಸುವವರೆಗೆ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಹಡಗಿನ ಹಾಯಿಗಳಂತೆ ಕಾಣುವ ಅದರ ಮಾಡನ್ನು 10 ಲಕ್ಷಕ್ಕಿಂತ ಅಧಿಕ ಬಿಲ್ಲೆಗಳು ಹೊದ್ದಿರುವುವು. ಇಂಥ ಕಟ್ಟಡವನ್ನು ಕಾಪಾಡತಕ್ಕವರು ಯಾರನ್ನು ಕೇಳಬೇಕು? ವೃದ್ಧರಾದ ಉಟ್ಸೊನ್ನರನ್ನು 1999ರಲ್ಲಿ ಮತ್ತೆ ಬೇಡಿಕೊಂಡು, ಅವರ ವಿನ್ಯಾಸತತ್ತ್ವಗಳನ್ನು ಬರೆಯಿಸಿಕೊಂಡು 2002ರಲ್ಲಿ ಪ್ರಕಟಿಸಿದರು. ಅದು ಕಟ್ಟಡದ ಆಶಯವನ್ನು ಉಳಿಸುವ ಕೆಲಸ. ಅಂಗಾಂಗಗಳ ವಿಷಯದಲ್ಲಿ, ಈ ಮಂದಿರವನ್ನೇ ನಿದರ್ಶನವಾಗಿಟ್ಟುಕೊಂಡು ಪಾಲನೆಗೆ ಪ್ರತಿರೂಪವನ್ನು ಹೇಗೆ ಬಳಸಬಹುದೆಂದು ಆಸ್ಟ್ರೇಲಿಯದ ಸಂಶೋಧಕರು ಪರೀಕ್ಷಿಸಿ 2007ರಲ್ಲಿ ವರದಿಯನ್ನು ಹೊರಪಡಿಸಿದರು.

ಇದು ಸಿರಿವಂತರ ವಿನೋದವೆಂದು ಎಣಿಸಬಾರದು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಂತೆ, ದೊಡ್ಡ ಕಟ್ಟಡಗಳ ಮಾಹಿತಿಯು ಒಬ್ಬರಿಂದೊಬ್ಬರಿಗೆ ಸರಿಯಾಗಿ ದಾಟದ ಕಾರಣ ಆ ದೇಶಕ್ಕೆ 2002ರಲ್ಲಿ ಆದ ನಷ್ಟ 1,580 ಕೋಟಿ ಡಾಲರು. ಅದರಲ್ಲಿ 1,060 ಕೋಟಿಯಷ್ಟು ಬಿದ್ದುದು ಕಟ್ಟಡದ ಒಡೆಯರ ಮತ್ತು ಪಾಲಕರ ತಲೆಯ ಮೇಲೆ. ಕಟ್ಟಿದವನು ಬಿಟ್ಟುಹೋದ ಅಜ್ಞಾನಕ್ಕೆ ವಾಸಿಸುವವನು ದಂಡ ತೆರುವನೆಂದು ಇದರ ತಾತ್ಪರ್ಯ.

ಆದರೆ ಯಂತ್ರದಿಂದಲೇ ಎಲ್ಲವೂ ಆಗುವುದೆಂದು ಭ್ರಮಿಸಲಾಗದು. ಪಂಪನ್ನು ಬದಲಿಸಿದ ದಿನವೇ ಪ್ರತಿರೂಪದಲ್ಲಿಯೂ ಬದಲಿಸದಿದ್ದರೆ ಅದು ಹೋದ ವರುಷದ ಪಂಚಾಂಗವಾಗುವುದು. ಇಲ್ಲದ ಕೊಳವೆಯನ್ನು ಇದೆಯೆಂದು ತೋರಿಸುವ ನಕ್ಷೆಗಿಂತ ನಕ್ಷೆಯಿಲ್ಲದಿರುವುದೇ ಲೇಸು. ಏಕೆಂದರೆ ನಕ್ಷೆಯಿಲ್ಲದವನು ಎಚ್ಚರದಿಂದಾದರೂ ಇರುವನು. ಅಲ್ಲದೆ ಉಪಯೋಗಕ್ಕೆ ಬಾರದ ಮಾಹಿತಿಯನ್ನು ರಾಶಿ ಹಾಕಿದರೆ ಬೇಕಾದುದು ಬೇಕಾದಾಗ ಕೈಗೆ ಸಿಕ್ಕದು. ಯಾರಿಗೆ ಏನು ಬೇಕೆಂಬುದನ್ನು ಕಟ್ಟುವುದಕ್ಕೆ ಮೊದಲೇ ಕೇಳಿಕೊಳ್ಳಬೇಕು.

ಗೃಹಸ್ಥರಾದ ನಮಗೆ ಇಷ್ಟು ದೊಡ್ಡ ಸಾಧನವು ಬೇಡ. ಅದರ ಬುದ್ಧಿಯು ಸಾಕು. ಮನೆ ಕಟ್ಟಿಸುವವರು ಗಾರೆ ಮಾಡಿಸುವುದಕ್ಕೆ ಮುಂಚೆ ಪ್ರತಿಯೊಂದು ಗೋಡೆಗೂ ಅಳತೆಪಟ್ಟಿಯನ್ನು ಹಿಡಿದು ಛಾಯಾಚಿತ್ರವನ್ನು ತೆಗೆಯಿಸಿರಿ. ಕೊಳವೆಯು ಮೂಲೆಯಿಂದ ಎಷ್ಟು ಅಡಿ, ನೆಲದಿಂದ ಎಷ್ಟು ಅಡಿ ಎಂದು ಬರೆಯಿರಿ. ವಿದ್ಯುತ್ತಂತಿಯ ಮಾರ್ಗ, ಸಂಪಿನ ಆಳ, ಪಂಪು ಕೊಂಡ ದಿನ, ತೊಟ್ಟಿ ತೊಳೆಯಿಸಿದ ದಿನ, ಇವೆಲ್ಲವೂ ಒಂದೇ ಪುಸ್ತಕದಲ್ಲಿರಲಿ. ಬಹುಮಹಡಿ ವಸತಿಗಳಲ್ಲಿರುವವರು ತಮ್ಮ ಸಂಘದ ಮೂಲಕ ಕಟ್ಟಿದವರಿಂದ ನಕ್ಷೆಗಳನ್ನು ಕೇಳಿ ಪಡೆಯತಕ್ಕದ್ದು. ಅವಶ್ಯಕ ದಾಖಲೆಗಳನ್ನೂ ನಕ್ಷೆಗಳನ್ನೂ ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕೆಂದು 2016ರ ಸ್ಥಿರಾಸ್ತಿ ಕಾಯಿದೆಯ 17ನೆಯ ಪ್ರಕರಣವು ವಿಧಿಸಿರುವುದು. ಕೇಳುವವರಿಲ್ಲದಿದ್ದರೆ ಕಾಯಿದೆಯು ತಾನಾಗಿ ಬಂದು ಬಾಗಿಲು ತಟ್ಟದು.

ನಾವೂ ಈಗ ಅಂಥದೊಂದು ಪುಸ್ತಕವನ್ನು ಹಾಕಿದ್ದೇವೆ. ಒಡೆದ ನಾಲ್ಕು ಕಡೆಗಳ ಅಳತೆಯೂ ಅದರಲ್ಲಿದೆ. ದುಬಾರಿಯಾಗಿ ಕೊಂಡ ವಿದ್ಯೆಯನ್ನು ವ್ಯರ್ಥಗೊಳಿಸಬಾರದಷ್ಟೆ. ಒಂದು ಪ್ರತಿಯನ್ನು ಮಗನಿಗೆ ಕಳುಹಿಸಿದ್ದೇವೆ. ಮೊದಲನೆಯ ಪುಟದಲ್ಲಿ ಮನೆ ಕಟ್ಟಿದ ಮೇಸ್ತ್ರಿಯ ಹೆಸರನ್ನು ಬರೆದಿದ್ದೇವೆ. ಅವನು ಬದುಕಿದ್ದಾಗಲೇ ಅವನನ್ನು ಕೂರಿಸಿಕೊಂಡು, ಒಂದು ಲೋಟ ಕಾಫಿ ಕೊಟ್ಟು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಹೇಳುತ್ತಿದ್ದನು. ವಾಚಕರು ತಮ್ಮ ಮೇಸ್ತ್ರಿಯನ್ನು ಈ ತಿಂಗಳೇ ಕರೆದು ಕೇಳಲಿ.