ತಂತ್ರಾಂಶದ ಅನುಕರಣೆ ಮತ್ತು ಕಾನೂನು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಸಾರ್ವಜನಿಕರು ಸೇವೆಗಳಿಗಾಗಿ ಸಲ್ಲಿಸುವ ಅರ್ಜಿಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಸುವಾಗ ‘ನುಡಿ’ಯ ಕೀಲಿಮಣೆ ಪರಿಚಿತವೇ ಆಗಿರುತ್ತದೆ. ಶ್ರೀ ಕೆ.ಪಿ. ರಾವ್ ಅವರು ರೂಪಿಸಿದ ಈ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ‘ನುಡಿ’ಯಲ್ಲಿ ಅಳವಡಿಸಿತು. ಅದೇ ವಿನ್ಯಾಸವು ಲಿನಕ್ಸ್‌ನಲ್ಲಿಯೂ ‘ಕಗಪ’ ಎಂಬ ಹೆಸರಿನಲ್ಲಿ ಲಭ್ಯವಿದೆ. ಹಾಗಿದ್ದಲ್ಲಿ ಒಂದು ಮತ್ತೊಂದರ ನಕಲೇ ಎಂಬ ಸಂಶಯ ಸಹಜ.

ಕೃತಿಸ್ವಾಮ್ಯ ಅಧಿನಿಯಮ, 1957ರಲ್ಲಿ ಗಣಕ ಕ್ರಮವಿಧಿಯನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸಲಾಗಿದೆ. ಆದುದರಿಂದ ರಕ್ಷಣೆಯು ಬರೆದ ಸಂಕೇತಗಳಿಗೇ ಹೊರತು, ಅವು ಮಾಡುವ ಕೆಲಸಕ್ಕಲ್ಲ. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲಿಯೇ ತಿಳಿಸಿದೆ; ಅದು ನಾಟಕ ಮತ್ತು ಚಲನಚಿತ್ರದ ವ್ಯಾಜ್ಯವಾಗಿದ್ದರೂ ತತ್ತ್ವ ಇಲ್ಲಿಗೂ ಸಲ್ಲುತ್ತದೆ. ಸಕ್ರಮವಾಗಿ ಪಡೆದ ತಂತ್ರಾಂಶದ ಕಾರ್ಯವೈಖರಿಯನ್ನು ಗಮನಿಸಿ ಅದರ ತತ್ತ್ವವನ್ನು ಅರಿಯುವುದಕ್ಕೆ ಪ್ರಕರಣ 52(1)(ಎಸಿ) ಅವಕಾಶ ಕಲ್ಪಿಸಿದೆ. ಪೇಟೆಂಟ್ ಅಧಿನಿಯಮದ ಪ್ರಕರಣ 3(ಕೆ) ಸಹ ಕೇವಲ ಗಣಕ ಕ್ರಮವಿಧಿಗೆ ಪೇಟೆಂಟ್ ನಿರಾಕರಿಸುತ್ತದೆ. ತಾಂತ್ರಿಕ ಆವಿಷ್ಕಾರವಿದ್ದಲ್ಲಿ ಮಾತು ಬೇರೆ.

ಆದರೆ ಗಡಿ ಎಲ್ಲೆಡೆ ಸ್ಪಷ್ಟವಾಗಿಲ್ಲ. ಗೂಗಲ್ ಸಂಸ್ಥೆಯು ಜಾವಾದ ಸುಮಾರು 11,500 ಸಾಲುಗಳನ್ನು ಬಳಸಿದ್ದು ನ್ಯಾಯೋಚಿತವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪಿತ್ತರೂ, ಅವುಗಳಿಗೆ ಕೃತಿಸ್ವಾಮ್ಯವಿದೆಯೇ ಎಂಬುದನ್ನು ನಿರ್ಣಯಿಸಲಿಲ್ಲ.

ಬೆರಳಚ್ಚು ಕೇಂದ್ರ ನಡೆಸುವವರು ಒಂದು ಭೇದವನ್ನು ಗಮನಿಸತಕ್ಕದ್ದು. ಕೀಲಿಗಳ ಜೋಡಣೆ ಒಂದೇ ಆಗಿರುವ, ಸ್ವತಂತ್ರವಾಗಿ ರಚಿಸಿದ ತಂತ್ರಾಂಶ ಬೇರೆ. ಇನ್ನೊಬ್ಬರ ಅಕ್ಷರವಿನ್ಯಾಸದ ಕಡತಕ್ಕೆ ಹೊಸ ಹೆಸರಿಟ್ಟ ಅಗ್ಗದ ಪ್ರತಿ ಬೇರೆ. ಉಲ್ಲಂಘನೆಯ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಗಣಕಯಂತ್ರದಲ್ಲಿ ಬಳಸುವುದು ಪ್ರಕರಣ 63ಬಿ ಅನ್ವಯ ಶಿಕ್ಷಾರ್ಹವಾಗಿರುತ್ತದೆ.